ಹಳತಾಗಲು ಐವತ್ತು ವರ್ಷ

ದೆಹಲಿಯ ಓಲ್ಡ್ ರಾಜಿಂದರ್ ನಗರ ನಮ್ಮ ಕಡೆಯವರಿಗೆ ಗೊತ್ತಿರುವುದು ಯುಪಿಎಸ್‌ಸಿ ಕೋಚಿಂಗ್‌ನಿಂದ. ಅದು ಹುಟ್ಟಿದ್ದು 1947ರ ನಂತರ, ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗಾಗಿ. ಹೆಚ್ಚುಕಡಿಮೆ ಅದರದೇ ವಯಸ್ಸಿನ ಸ್ಪೋರ್ಟ್ಸ್ ಕಾರೊಂದಿದೆ: 1945ರಿಂದ 1949ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂಜಿ ಟಿಸಿ.

1250 ಸಿಸಿ ಎಂಜಿನ್, ಬರೀ 54 ಅಶ್ವಶಕ್ತಿ. ಇಂದಿನ ಸಾಧಾರಣ ಮಾರುತಿಯೂ ಅದನ್ನು ಹಿಂದಿಕ್ಕೀತು. ಆದರೆ ಮುಂಗಾಜನ್ನು ಬಾನೆಟ್ ಕಡೆಗೆ ಮಲಗಿಸಿ ಹೊರಟರೆ ಗಾಳಿ ಮುಖಕ್ಕೆ ಬಡಿಯುತ್ತದೆ, ಎಕ್ಸಾಸ್ಟ್ ಗುಡುಗುತ್ತದೆ, ಅರವತ್ತರ ವೇಗವೇ ನೂರಿಪ್ಪತ್ತು ಅನಿಸುತ್ತದೆ. ಮೊದಲ ಗೇರಿಗೆ ಸಿಂಕ್ರೋಮೆಶ್ ಇಲ್ಲ; ಓಡುವಾಗ ಅದಕ್ಕೆ ಇಳಿಸಲು ಎಂಜಿನ್ನಿನ ದನಿ ಕೇಳಿಯೇ ಹದ ಹಿಡಿಯಬೇಕು. ನೆರೆಯವರಿಗೆ ಸದ್ದು, ಚಾಲಕನಿಗೆ ಸುದ್ದಿ.

ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ಶುರುಮಾಡಿದ ರ‍್ಯಾಲಿ ಇಂಥ ಹಳೆಯ ಕಾರುಗಳನ್ನು ದೆಹಲಿಯ ಬೀದಿಗೆ ತಂದಿತು. ಅದೇ ಊರಿನಲ್ಲಿ 15 ವರ್ಷ ಮೀರಿದ ವಾಹನ ಓಡಬಾರದೆಂದು 2014ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೊಳಿಸಿ ಎಂದಿತು. ಆಮೇಲೆ ಸಡಿಲಿಕೆಯೂ ಬಂದಿದೆ. 2021ರ ಕೇಂದ್ರ ನಿಯಮವೋ, 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡದ್ದನ್ನು ‘ವಿಂಟೇಜ್’ ಎಂದು ಗೌರವಿಸುತ್ತದೆ. ಅಂಥದ್ದು ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಹೊರಡಬಹುದು, ದಿನದ ಓಡಾಟಕ್ಕಲ್ಲ.

ಟಿಸಿ ಹೇಗೋ ಬಚಾವು. ನಡುವಿನ 35 ವರ್ಷ ಕಾರು ಎಲ್ಲಿ ಬದುಕಬೇಕು? ದೆಹಲಿಯ ಹೊಗೆ ಸುಳ್ಳಲ್ಲ, ಆ ಕೋಚಿಂಗ್ ಮಕ್ಕಳೂ ಅದನ್ನೇ ಉಸಿರಾಡುತ್ತಾರೆ. ಆದರೂ ಹೊಗೆ ಬಿಟ್ಟು ವಯಸ್ಸನ್ನು ಅಳೆಯುವ ನಿಯಮ ನನಗೆ ಒಪ್ಪಿಗೆಯಿಲ್ಲ. 1985ರ ಪ್ರೀಮಿಯರ್ ಪದ್ಮಿನಿಯೊಂದು ವಿಂಟೇಜ್ ಆಗಬೇಕಾದರೆ ಯಾರೋ ಅದನ್ನು 2035ರವರೆಗೆ ಶೆಡ್ಡಿನಲ್ಲಿ ಮುಚ್ಚಿಟ್ಟು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಸದ್ದು ಕೇಳಿ, ಆಫ್ ಮಾಡುತ್ತಿರಬೇಕು.