ಇಗ್ಗಪ್ಪನ ಮದುವೆಯೂ ಸೊಂಟದ ಎಲುಬೂ

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವಾಗ ಅಸ್ಥಿಪಂಜರದ ಪಾಠವನ್ನು ನಾನು ತಲೆಬುರುಡೆಯಿಂದ ಶುರುಮಾಡುತ್ತಿರಲಿಲ್ಲ. ಮೊದಲು ಸೊಂಟ. ಅದಕ್ಕೂ ಮೊದಲು ಇಗ್ಗಪ್ಪ ಹೆಗ್ಗಡೆ. ಎಲುಬಿಗೂ ಹೆಗ್ಗಡೆಗೂ ಏನು ಸಂಬಂಧವೆಂದು ಮಕ್ಕಳು ನಗುತ್ತಿದ್ದರು.

ಸಂಬಂಧ ಹೊನ್ನಾವರದ ಬಳಿಯ ನಮ್ಮ ಕರ್ಕಿಯದೇ. ಈ ಊರಿನ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಬಂದದ್ದು 1887ರಲ್ಲಿ. ಹವ್ಯಕರ ಮನೆಮಾತಿನ ಈ ನಾಟಕವನ್ನು ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಗುರುತಿಸುತ್ತಾರೆ. ಶಾಸ್ತ್ರಿಗಳು ಕುಟುಕಿದ್ದು ಕನ್ಯಾವಿಕ್ರಯವನ್ನು: ದುಡ್ಡು ಎಣಿಸಿಕೊಂಡು ಎಳೆಯ ಹುಡುಗಿಯನ್ನು ಧಾರೆ ಎರೆದುಕೊಡುವ ಪದ್ಧತಿಯನ್ನು. ಅವರು ವ್ಯವಹಾರದ ಬಣ್ಣ ಬಯಲು ಮಾಡಿದರು. ಹುಡುಗಿಯ ದೇಹದ ಪರವಾಗಿ ಸಾಕ್ಷಿ ಹೇಳಲು ವೈದ್ಯರೇ ಬರಬೇಕಾಯಿತು.

1890ರಲ್ಲಿ ಕಲ್ಕತ್ತೆಯ ನ್ಯಾಯಾಲಯದ ಮುಂದೆ ಫೂಲ್‌ಮಣಿ ಎಂಬ ಬಾಲವಧುವಿನ ಸಾವಿನ ಪ್ರಕರಣ ಬಂತು. ಆಕೆಗೆ ಹತ್ತು ದಾಟಿತ್ತು. ಗಂಡನ ಬಲಾತ್ಕಾರದಿಂದ ಹೆಂಡತಿಗೆ ಅಂದಿನ ದಂಡಸಂಹಿತೆ ರಕ್ಷಣೆ ಕೊಡುತ್ತಿದ್ದದ್ದು ಹತ್ತರವರೆಗೆ ಮಾತ್ರ. ಗಂಡನಿಗೆ ಸಣ್ಣ ಶಿಕ್ಷೆಯಾಯಿತು. ದೇಶದ ಐವತ್ತಕ್ಕೂ ಹೆಚ್ಚು ಮಹಿಳಾ ವೈದ್ಯರು ತಾವು ಕಣ್ಣಾರೆ ಕಂಡ ಬಾಲವಧುಗಳ ಸ್ಥಿತಿಯನ್ನು ವಿವರಿಸಿ, ವಯಸ್ಸಿನ ಮಿತಿಯನ್ನು 14ಕ್ಕೆ ಏರಿಸಬೇಕೆಂದು ಸರ್ಕಾರಕ್ಕೆ ಮನವಿ ಕೊಟ್ಟರು. ಮೈನೆರೆದ ಕೂಡಲೇ ಗರ್ಭಾಧಾನವಾಗಬೇಕು, ಶಾಸ್ತ್ರದಲ್ಲಿ ಸರ್ಕಾರ ಕೈಹಾಕಬಾರದು ಎಂದು ಎದುರು ಪಕ್ಷದವರ ವಾದ. ತಿಲಕರೂ ವಿರೋಧಿಸಿದವರೇ. 1891ರ ಮಾರ್ಚಿನಲ್ಲಿ ಕಾಯ್ದೆಯಾದಾಗ ಮಿತಿ ನಿಂತದ್ದು 12ಕ್ಕೆ.

ಈಗ ಎಲುಬಿಗೆ ಬರೋಣ. ಲ್ಯಾಬಿನ ಪ್ಲಾಸ್ಟಿಕ್ ಅಸ್ಥಿಪಂಜರದಲ್ಲಿ ಸೊಂಟದ ಒಂದೊಂದು ಪಕ್ಕವೂ ಒಂದೇ ಎಲುಬಿನಂತೆ ಕಾಣುತ್ತದೆ. ಮಕ್ಕಳಲ್ಲಿ ಅದು ಮೂರು ತುಂಡು. ತೊಡೆಯ ಎಲುಬಿನ ಗುಂಡುತಲೆ ಕೂರುವ ಗುಳಿಯಲ್ಲಿ ಮೂರೂ ಸೇರುತ್ತವೆ, ನಡುವೆ ಮೆಲ್ಲೆಲುಬು. ಆ ಮೆಲ್ಲೆಲುಬು ಗಟ್ಟಿಯಾಗಿ ಮೂರು ಒಂದಾಗುವುದು ಹದಿಹರೆಯದಲ್ಲಿ. ಮಗು ಹೊರಬರುವ ದಾರಿ ಮೈನೆರೆದ ಮೇಲೂ ಕೆಲವು ವರ್ಷ ಅಗಲವಾಗುತ್ತ ಹೋಗುತ್ತದೆ. ಮೊದಮೊದಲ ಮುಟ್ಟುಗಳಲ್ಲಿ ಅಂಡಾಣು ಬಿಡುಗಡೆಯಾಗದಿರುವುದೂ ಸಾಮಾನ್ಯ. ಬೆಳೆಯುತ್ತಿರುವ ಸೊಂಟದಲ್ಲಿ ಮಗುವಿನ ತಲೆ ಸಿಕ್ಕಿಕೊಂಡರೆ ಹೆರಿಗೆ ದಿನಗಟ್ಟಲೆ ಎಳೆಯುತ್ತದೆ. ಆ ಒತ್ತಡಕ್ಕೆ ಮೂತ್ರಕೋಶದ ಗೋಡೆ ಕೊಳೆತು ತೂತಾದರೆ ಬದುಕುಳಿದವಳಿಗೂ ಮೂತ್ರ ಸೋರುತ್ತಲೇ ಇರುತ್ತದೆ. ಸಿಸೇರಿಯನ್ ಕೈಗೆಟುಕದ ಕಾಲದಲ್ಲಿ ಎಂಥ ಜಾಣ ಸೂಲಗಿತ್ತಿಯೂ ಇದಕ್ಕೆ ಮದ್ದು ಮಾಡಲಾರಳು.

ಮೈಸೂರು ಸಂಸ್ಥಾನ 1894ರಲ್ಲಿ ಒಂದು ಹೆಜ್ಜೆ ಇಟ್ಟಿತು: ಎಂಟು ತುಂಬದ ಹುಡುಗಿಯ ಮದುವೆ ಅಪರಾಧ, ಐವತ್ತು ದಾಟಿದವನು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಂಡರೂ ಅಪರಾಧ. ಆದರೆ ಕರ್ಕಿಗೆ ಆ ಕಾನೂನು ಇರಲಿಲ್ಲ. 1862ರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದ ಪಾಲಾಗಿತ್ತು. ಘಟ್ಟದ ಮೇಲೆ ಮೈಸೂರಿಗೆ ಸೇರಿದ್ದ ಸಾಗರದಲ್ಲಿ ದಂಡ ಬೀಳುವ ಮದುವೆ ಘಟ್ಟದ ಕೆಳಗೆ ಹೊನ್ನಾವರದಲ್ಲಿ ವಾಲಗದ ಸಮೇತ ನಡೆಯಬಹುದಿತ್ತು. ಎರಡೂ ಕಡೆಯ ಹುಡುಗಿಯರ ಎಲುಬು ಒಂದೇ ಥರ ಬೆಳೆಯುತ್ತಿತ್ತು, ಕಾನೂನು ಮಾತ್ರ ಬೇರೆ.

ಮುಂದೆ 1929ರ ಶಾರದಾ ಕಾಯ್ದೆ ಹುಡುಗಿಯರ ಮದುವೆಯ ವಯಸ್ಸನ್ನು 14 ಮಾಡಿತು. 18ಕ್ಕೆ ಮುಟ್ಟಿದ್ದು 1978ರಲ್ಲಿ, ಅಂದರೆ ಶಾಸ್ತ್ರಿಗಳ ನಾಟಕ ಬಂದು 91 ವರ್ಷಕ್ಕೆ.

ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಎಂದು ಹಾಳೆ ತಿರುಗಿಸುವ ಮಾಸ್ತರರು ಈಗಲೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಕಾನೂನಿಗೆ 91 ವರ್ಷ ಹಿಡಿದ ಪಾಠಕ್ಕೆ ನಿಮಗೆ ಬೇಕಾದದ್ದು ಎರಡು ಪಿರಿಯಡ್. ಗಂಡುಮಕ್ಕಳನ್ನೂ ಹೊರಗೆ ಕಳಿಸದೆ ಕೂರಿಸಿಕೊಳ್ಳಿ. ಇಗ್ಗಪ್ಪನ ಪಾಠ ಮುಖ್ಯವಾಗಿ ಅವರಿಗೇ.