ತೊಟ್ಟಿಲು, ಗೊಂಬೆ, ಅಂಗನವಾಡಿ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಅರಸರ ವಂಶಾವಳಿಗಳನ್ನೂ ಯುದ್ಧಗಳನ್ನೂ ದಾನಶಾಸನಗಳನ್ನೂ ಬಹು ಶ್ರದ್ಧೆಯಿಂದ ಪರಿಶೀಲಿಸಿರುವರು. ಆದರೆ ಆ ಅರಸನೂ, ಅವನ ದಂಡನಾಯಕನೂ, ಶಾಸನವನ್ನು ಕಂಡರಿಸಿದ ಕಲ್ಲುಕುಟಿಗನೂ ತಮ್ಮ ಬಾಳಿನ ಮೊದಲ ಐದಾರು ವರ್ಷಗಳನ್ನು ಯಾರ ಮಡಿಲಿನಲ್ಲಿ ಕಳೆದರು, ಯಾರಿಂದ ಮಾತನ್ನು ಕಲಿತರು, ಯಾವ ಆಟಿಕೆಯನ್ನು ಹಿಡಿದು ಕೈಬೆರಳುಗಳನ್ನು ಪಳಗಿಸಿಕೊಂಡರು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಇದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ. ಶಿಶುವಿನ ಆರೈಕೆ ಹೆಂಗಸರ ಕೆಲಸವಾಗಿದ್ದಿತು. ಹೆಂಗಸರ ನಿತ್ಯದ ಕೆಲಸವನ್ನು ಕುರಿತು ಕಲ್ಲಿನ ಮೇಲೆ ಬರೆಯಿಸುವ ವಾಡಿಕೆ ನಮ್ಮಲ್ಲಿ ಇರಲಿಲ್ಲ. ಆದುದರಿಂದ ಈ ವಿಷಯದ ಚರಿತ್ರೆಯನ್ನು ವೈದ್ಯಗ್ರಂಥಗಳ ಮೂಲೆಗಳಿಂದಲೂ, ಬಡಗಿಯ ತಿರುಗಣೆಯಿಂದಲೂ, ಸರ್ಕಾರದ ಕಾಯಿದೆಗಳಿಂದಲೂ ಚೂರುಚೂರಾಗಿ ಆಯ್ದುಕೊಳ್ಳಬೇಕಾಗಿದೆ.

ಮೊದಲು ಗ್ರಂಥಗಳನ್ನು ನೋಡೋಣ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಶುವಿಗಾಗಿ ಪ್ರತ್ಯೇಕವಾದ ಕೊಠಡಿ ಹೇಗಿರಬೇಕು, ಹಾಸಿಗೆ ಹೊದಿಕೆಗಳು ಹೇಗಿರಬೇಕು ಎಂಬುದನ್ನು ವಿವರಿಸಿ, ಅನಂತರ ಆಟಿಕೆಗಳ ಲಕ್ಷಣವನ್ನು ಹೇಳಿದೆ. ಆಟಿಕೆಗಳು ಬಗೆಬಗೆಯ ಬಣ್ಣದವೂ, ಶಬ್ದಮಾಡುವವೂ, ನೋಟಕ್ಕೆ ಸೊಗಸಾದವೂ ಆಗಿರಬೇಕು, ಭಾರವಾಗಿರಬಾರದು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಷ್ಟು ಚಿಕ್ಕವಾಗಿರಬಾರದು, ಪ್ರಾಣಕ್ಕೆ ಅಪಾಯವನ್ನೂ ಮನಸ್ಸಿಗೆ ಭಯವನ್ನೂ ಉಂಟುಮಾಡಬಾರದು ಎಂಬುದು ಅಲ್ಲಿಯ ಅಭಿಪ್ರಾಯ. ಇಂದು ಆಟಿಕೆಗಳ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಎಚ್ಚರಿಕೆಗಳಲ್ಲಿ ಇದಕ್ಕಿಂತ ಹೆಚ್ಚಿನದು ಬಹಳವಿಲ್ಲ. ಮುಂದಿನ ಮಾತು ಇನ್ನೂ ಗಮನಾರ್ಹವಾದುದು. ಮಗು ಅಳುವಾಗಲಾಗಲಿ, ಉಣ್ಣಲೊಲ್ಲದಿರುವಾಗಲಾಗಲಿ, ಹೇಳಿದ ಮಾತನ್ನು ಕೇಳದಿರುವಾಗಲಾಗಲಿ ರಾಕ್ಷಸ, ಪಿಶಾಚ, ಪೂತನಿ ಮೊದಲಾದವರ ಹೆಸರನ್ನೆತ್ತಿ ಅದನ್ನು ಹೆದರಿಸಕೂಡದೆಂದು ಆ ಗ್ರಂಥವು ನಿಷೇಧಿಸುತ್ತದೆ.

ಈ ನಿಷೇಧವನ್ನು ನಮ್ಮ ಮನೆಗಳು ಪಾಲಿಸಿದುವೆಂದು ಹೇಳಲಾಗದು. ಕನ್ನಡದ ತಾಯಂದಿರ ಕೈಯಲ್ಲಿ ಗುಮ್ಮನು ಶತಮಾನಗಳ ಕಾಲ ಸಂಬಳವಿಲ್ಲದ ಆಳಾಗಿ ದುಡಿದಿರುವನು. 16ನೆಯ ಶತಮಾನದ ಪುರಂದರದಾಸರ ಪ್ರಸಿದ್ಧವಾದ ಕೃತಿಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುವನು. ಜಗತ್ತನ್ನು ಕಾಯುವವನಿಗೂ ಈ ಭಯ ತಪ್ಪಲಿಲ್ಲವೆಂದರೆ ಶೆಟ್ಟಿಹಳ್ಳಿಯ ಕೂಸಿನ ಪಾಡೇನು! ಆದರೂ ಆ ಕೃತಿಯನ್ನು ಹಾಡುವ ತಾಯಿಯು ಮಗುವಿನ ಕಡೆಯೇ ನಿಂತು ಹಾಡುವಳು ಎಂಬುದನ್ನು ಮರೆಯಬಾರದು. ಹೆದರಿಕೆಯನ್ನು ಹಾಡಿನೊಳಗಿಟ್ಟು ಆಟವಾಗಿ ಮಾರ್ಪಡಿಸುವ ಈ ಉಪಾಯವನ್ನು ಯಾವ ಶಾಸ್ತ್ರಕಾರನೂ ಹೇಳಿಕೊಟ್ಟುದಲ್ಲ.

ಕನ್ನಡದಲ್ಲಿಯೇ ಸುಮಾರು 1200ರ ವೇಳೆಗೆ ದೇವೇಂದ್ರಮುನಿಯೆಂಬ ಜೈನಕವಿಯು ‘ಬಾಲಗ್ರಹಚಿಕಿತ್ಸೆ’ ಎಂಬ ಗ್ರಂಥವನ್ನು ರಚಿಸಿದನು. ಶಿಶುಗಳ ರೋಗವನ್ನು ಗ್ರಹಗಳ ಬಾಧೆಯೆಂದು ಭಾವಿಸಿದ ಕಾಲವದು. ಮಕ್ಕಳು ಹುಟ್ಟಿದಷ್ಟೇ ಸುಲಭವಾಗಿ ಸಾಯುತ್ತಿದ್ದ ದಿನಗಳಲ್ಲಿ ಗ್ರಹಗಳ ಮೇಲೆ ದೋಷವನ್ನು ಹೊರಿಸಿದವರನ್ನು ಕಂಡು ನಗುವುದು ಸುಲಭ. ಆದರೆ ಕೂಸುಗಳ ಚಿಕಿತ್ಸೆಗೆಂದೇ ಒಂದು ಗ್ರಂಥವು ಬೇಕೆಂದು ದೇಶಭಾಷೆಯಲ್ಲಿ ಬರೆದುದು ಅಲ್ಪವಾದ ಸಂಗತಿಯಲ್ಲ. ಇದಕ್ಕೆ ಸ್ವಲ್ಪ ಮುಂಚೆ, ಅದೇ 12ನೆಯ ಶತಮಾನದ ಪೂರ್ವಾರ್ಧದಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಅನ್ನಪಾನ ವಸ್ತ್ರಾಭರಣಗಳ ಸಾಲಿನಲ್ಲಿಯೇ ಪುತ್ರರಿಂದ ದೊರೆಯುವ ಸುಖವನ್ನೂ ಸೇರಿಸಿರುವನು. ಮಗುವಿನೊಡನೆ ಆಡುವುದು ಗಂಡಸಿಗೆ ಅಗೌರವವೆಂದು ಭಾವಿಸುವ ಮನೆಗಳು ಇಂದಿಗೂ ಇರುವುದರಿಂದ ಈ ಚಕ್ರವರ್ತಿಯ ಮಾತನ್ನು ಜ್ಞಾಪಿಸುವುದು ಅಪ್ರಕೃತವಾಗಲಾರದು.

ಗ್ರಂಥಗಳಿಂದ ಮನೆಗೆ ಬರೋಣ. ಬೆಂಗಳೂರಿನ ಉತ್ತರಭಾಗದ ರಾಗಿಯ ಸೀಮೆಯಲ್ಲಿ, ಯಲಹಂಕ ಯಶವಂತಪುರಗಳ ಸುತ್ತಣ ಹಳ್ಳಿಗಳಲ್ಲಿ, ಕೂಸಿಗೆ ಎಣ್ಣೆ ನೀವಿ ನೀರೆರೆಯುವ ಕೆಲಸವು ಅಜ್ಜಿಯದಾಗಿದ್ದಿತು. ಅವಳು ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡು ಕಾಲುಗಳನ್ನೂ ಮುಂದಕ್ಕೆ ಚಾಚಿ, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಳ್ಳುವಳು. ಕೈಕಾಲುಗಳನ್ನು ಎಳೆದು ಮಡಿಸಿ, ಬೆನ್ನನ್ನು ನೀವಿ, ಹದವಾದ ಬಿಸಿನೀರನ್ನು ಹೊಯ್ದು, ಸಾಂಬ್ರಾಣಿಯ ಹೊಗೆಯಲ್ಲಿ ತಲೆಯನ್ನು ಆರಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ ಹಾಕುವಳು. ಇಷ್ಟು ಹೊತ್ತೂ ಅವಳ ಬಾಯಿ ಸುಮ್ಮನಿರುವುದಿಲ್ಲ. ಕೂಸು ‘ಊಂ’ ಎಂದರೆ ಅವಳೂ ‘ಊಂ’ ಎನ್ನುವಳು. ಕಾದು ನೋಡಿ, ಅದು ಮತ್ತೆ ಸದ್ದುಮಾಡಿದರೆ ಉತ್ತರವನ್ನು ಕೊಡುವಳು. ಮಗುವಿನ ಸದ್ದಿಗೂ ನೋಟಕ್ಕೂ ಹಿರಿಯರು ಹೀಗೆ ಪ್ರತ್ಯುತ್ತರ ಕೊಡುವುದೇ ಮಾತಿನ ಬೆಳವಣಿಗೆಗೂ ಬುದ್ಧಿಯ ಬೆಳವಣಿಗೆಗೂ ಬುನಾದಿಯೆಂದು ಆಧುನಿಕ ಮನಶ್ಶಾಸ್ತ್ರಜ್ಞರು ನಿರ್ಧರಿಸಿರುವರು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ವಿಶ್ವಬ್ಯಾಂಕೂ ಕೂಡಿ 2018ರಲ್ಲಿ ಪ್ರಕಟಿಸಿದ ಶಿಶುಪೋಷಣೆಯ ಚೌಕಟ್ಟಿನಲ್ಲಿ ಆರೋಗ್ಯ, ಆಹಾರ, ಸುರಕ್ಷತೆ, ಆರಂಭದ ಕಲಿಕೆ ಎಂಬ ನಾಲ್ಕರ ಜೊತೆಗೆ ಐದನೆಯದಾಗಿ ಇದನ್ನೇ ಎಣಿಸಿದೆ.

ಹೀಗೆಂದು ಅಜ್ಜಿಯು ಮಾಡಿದುದೆಲ್ಲವೂ ಸರಿಯೆಂದು ವಾದಿಸುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಹೆರಿಗೆಯಾದೊಡನೆ ಬರುವ ಗಿಣ್ಣುಹಾಲು ಕೆಟ್ಟುದೆಂದು ಹಿಂಡಿ ಚೆಲ್ಲುತ್ತಿದ್ದರು. ಮಗುವಿನ ಮೂಗಿಗೂ ಕಿವಿಗೂ ಎಣ್ಣೆಯನ್ನು ಬಿಡುತ್ತಿದ್ದರು. ರೋಗ ಬಂದರೆ ಎಳೆಯ ಹೊಟ್ಟೆಯ ಮೇಲೆ ಕಾದ ಬಳೆಯಿಂದ ಬರೆ ಹಾಕುವ ಕ್ರೂರವಾದ ಪದ್ಧತಿಯು ಕರ್ಣಾಟಕದ ಅನೇಕ ಕಡೆಗಳಲ್ಲಿ ಇದ್ದಿತು. ಹಳೆಯದನ್ನು ಹೊಗಳುವವರು ಈ ಬರೆಯ ಗುರುತುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಟಿಕೆಗಳ ವಿಷಯಕ್ಕೆ ಬಂದರೆ ಚನ್ನಪಟ್ಟಣವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಲ್ಲಿಯ ಬಣ್ಣದ ಗೊಂಬೆಗಳು ಹಾಲೆಮರವೆಂದೂ ಆಲೆಮರವೆಂದೂ ಕರೆಯುವ ಮರದಿಂದ ಆಗುವುವು. ಈ ಮರವು ಮೆದುವಾಗಿಯೂ ಹಗುರವಾಗಿಯೂ ಇದ್ದು, ನಯವಾದ ಬಿಳಿಯ ಮೈಯುಳ್ಳದ್ದು. ಒಣಗಿಸಿದ ತುಂಡನ್ನು ತಿರುಗಣೆಗೆ ಸಿಕ್ಕಿಸಿ ಉಳಿಯಿಂದ ರೂಪಕ್ಕೆ ತಂದಮೇಲೆ, ತಿರುಗುತ್ತಿರುವಾಗಲೇ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುವರು. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೈಗೆ ಅಂಟಿಕೊಳ್ಳುವುದು. ಬಳಿಕ ತಾಳೆಹೂವಿನ ಗಿಡದ ಒಣಗರಿಯನ್ನು ಹಿಡಿದು ಉಜ್ಜಿದರೆ ಹೊಳಪು ಬರುವುದು. ಕುಂಚವೂ ಬೇಡ, ಎಣ್ಣೆಬಣ್ಣವೂ ಬೇಡ. ಅರಗಿಗೆ ಅರಿಸಿನವೇ ಮೊದಲಾದ ಸಸ್ಯದ ಬಣ್ಣಗಳನ್ನು ಬೆರೆಸಿದಲ್ಲಿ ಮಗುವು ಗಿಲಕಿಯನ್ನು ಬಾಯಿಗಿಟ್ಟು ಚೀಪಿದರೂ ಹೆದರಬೇಕಾಗಿಲ್ಲ. ಹಗುರ, ಮೊಂಡಾದ ಅಂಚು, ಬಣ್ಣ, ಸದ್ದು ಎಂದು ಚರಕನ ಪಟ್ಟಿಯನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡಿದರೆ ಈ ಗಿಲಕಿಯು ತೇರ್ಗಡೆಯಾಗುವುದು. ಚನ್ನಪಟ್ಟಣದ ಕುಶಲಕರ್ಮಿಗಳು ಚರಕನನ್ನು ಓದಿದ್ದರೆಂದು ಇದರ ಅರ್ಥವಲ್ಲ. ಮಗುವಿನ ಕೈಯನ್ನೂ ಬಾಯನ್ನೂ ನೋಡಿದ್ದರೆಂದು ಅರ್ಥ.

ಈ ಕಸಬಿಗೆ ಟೀಪೂ ಸುಲ್ತಾನನ ಆಶ್ರಯವಿದ್ದಿತೆಂದು ಪ್ರತೀತಿ. 20ನೆಯ ಶತಮಾನದ ಆದಿಭಾಗದಲ್ಲಿ ಬಾವಸ್ ಮಿಯಾನ್ ಎಂಬುವರು ಜಪಾನಿನ ಗೊಂಬೆಗಳ ತಯಾರಿಕೆಯ ರೀತಿಯನ್ನು ತಿಳಿದುಕೊಂಡು ಇಲ್ಲಿಯ ಕೆಲಸವನ್ನು ತಿದ್ದಿದರು. ಅನಂತರ ಪ್ಲಾಸ್ಟಿಕ್ ಬಂದಿತು, ಚೀಣದ ಅಗ್ಗದ ಆಟಿಕೆ ಬಂದಿತು. ತಿರುಗಣೆಗಳು ಒಂದೊಂದಾಗಿ ನಿಲ್ಲತೊಡಗಿದುವು. ಈಚೆಗೆ ಭೌಗೋಳಿಕ ಸೂಚಕದ ಮುದ್ರೆ ದೊರೆತಿದೆ. ಆದರೆ ಈಗ ಈ ಗೊಂಬೆಗಳು ಹೆಚ್ಚಾಗಿ ದಿವಾನಖಾನೆಯ ಬೀರುವಿನಲ್ಲಿ ಕುಳಿತಿರುತ್ತವೆ. ಆಟಿಕೆಯು ಅಲಂಕಾರವಾಗುವುದು ಆಟಿಕೆಗೆ ಬರುವ ಒಂದು ಬಗೆಯ ಮರಣ.

ಸರ್ಕಾರಕ್ಕೆ ಶಿಶುಗಳ ನೆನಪು ಬಹಳ ತಡವಾಗಿ ಆಯಿತು. 1913ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯನ್ನು ಮಾಡಿ, ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯ ಮಾಡಲು ಹೊರಟಿತು. ಅದು ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ಶಾಲೆಯ ಹೊಸ್ತಿಲನ್ನು ಮುಟ್ಟುವುದಕ್ಕೆ ಮುಂಚಿನ ವಯಸ್ಸು ಮನೆಯ ಪಾಲಿಗೇ ಉಳಿಯಿತು. ಆ ವಯಸ್ಸಿಗೆ ಆಟವೇ ವಿದ್ಯೆಯೆಂದು ಜರ್ಮನಿಯಲ್ಲಿ ಫ್ರೋಬೆಲನು 1837ರಷ್ಟು ಹಿಂದೆಯೇ ತೋರಿಸಿದ್ದನು. 1907ರಲ್ಲಿ ಮಾರಿಯಾ ಮಾಂಟೆಸ್ಸರಿಯು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ತಾಯಿತಂದೆಗಳು ಕೂಲಿಗೆ ಹೋದಾಗ ಬೀದಿಯಲ್ಲಿ ಉಳಿಯುತ್ತಿದ್ದ ಮಕ್ಕಳಿಗಾಗಿ ತನ್ನ ಮೊದಲ ಶಿಶುಗೃಹವನ್ನು ತೆರೆದಳು. ಆಕೆ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣ ಕೊಡತೊಡಗಿದಳು. ಮರುವರ್ಷವೇ ಇಟಲಿಯು ಯುದ್ಧಕ್ಕೆ ಇಳಿದುದರಿಂದ ಶತ್ರುದೇಶದವಳೆಂದು ಆಕೆಯ ಓಡಾಟಕ್ಕೆ ನಿರ್ಬಂಧವುಂಟಾಯಿತು. ಅದೇ ಯುದ್ಧದಲ್ಲಿ ಸೆರೆಸಿಕ್ಕ ಇಟಾಲಿಯನ್ ಸೈನಿಕರನ್ನು ಬೆಂಗಳೂರಿನ ಸುತ್ತ, ಶೆಟ್ಟಿಹಳ್ಳಿಗೆ ನೆರೆಯಾದ ಜಾಲಹಳ್ಳಿಯ ಶಿಬಿರದಲ್ಲಿಯೂ, ಇರಿಸಿದ್ದರೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು.

ಕನ್ನಡನಾಡಿನಲ್ಲಿ ಈ ಹೊಸ ಭಾವನೆಗೆ ನೀರೆರೆದವರು ಹೆಚ್ಚಾಗಿ ಸಾಹಿತಿಗಳೇ. ಪಂಜೆ ಮಂಗೇಶರಾಯರು ಶಾಲೆಗಳ ತನಿಖೆಯ ಅಧಿಕಾರದಲ್ಲಿದ್ದೂ ಮಕ್ಕಳ ಬಾಯಿಗೆ ಹೊಂದುವ ಕಥೆಗಳನ್ನೂ ಹಾಡುಗಳನ್ನೂ ಬರೆದು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯಮಂಡಲವನ್ನು ನಿಲ್ಲಿಸಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ಚಿತ್ರಗಳಿಂದ ಕಲಿಸುವ ಪ್ರಯೋಗವನ್ನು ನಡೆಸಿ, 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಬೆಂಗಳೂರಿನಲ್ಲಿ ‘ಸರಸ್ವತಿ’ ಪತ್ರಿಕೆಯ ಸಂಪಾದಕಿಯಾಗಿದ್ದ ಶ್ರೀಮತಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಅಖಿಲ ಕರ್ಣಾಟಕ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಕೂಟವು ಚಾಮರಾಜಪೇಟೆಯಲ್ಲಿ ಬೇರೂರಿತು. ಸಮೀಪದ ಉದ್ಯಾನಕ್ಕೆ ಅದರ ಹೆಸರೇ ನಿಂತಿದೆ. ಆದರೆ ಈ ಮೂವರ ಶ್ರಮವೂ ಬಹುಮಟ್ಟಿಗೆ ಓದುಬಲ್ಲ ಮನೆಗಳ ಮಕ್ಕಳನ್ನು ಮುಟ್ಟಿತು. ರಾಗಿಯ ಹೊಲದಲ್ಲಿ ಕಳೆ ಕೀಳುವವಳ ಕೂಸು ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿಯೇ ಇದ್ದಿತು.

ಶೆಟ್ಟಿಹಳ್ಳಿಯ ಸುತ್ತಣ ಬದುಕು ಬದಲಾದುದು ಕಾರ್ಖಾನೆಗಳಿಂದ. 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯ ಬಳಿ ನೆಲೆಗೊಂಡವು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆಯತೊಡಗಿತು. ಬಳಿಕ ಸಿದ್ಧ ಉಡುಪಿನ ಕಾರ್ಖಾನೆಗಳು ಬಂದು ಸಾವಿರಾರು ಹೆಂಗಸರನ್ನು ಹೊಲಿಗೆಯ ಯಂತ್ರದ ಮುಂದೆ ಕುಳ್ಳಿರಿಸಿದುವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದಾಗ ಹಳ್ಳಿಯು ನಗರವಾಯಿತು. ದೂರದ ಜಿಲ್ಲೆಗಳಿಂದ ದುಡಿಯಲು ಬಂದ ಗಂಡಹೆಂಡಿರು ಒಂದು ಕೋಣೆಯ ಬಾಡಿಗೆಮನೆಗಳಲ್ಲಿ ಬಿಡಾರ ಹೂಡಿದರು. ನೀರೆರೆಯುವ ಅಜ್ಜಿಯು ಊರಿನಲ್ಲಿಯೇ ಉಳಿದಳು.

ಕಾಯಿದೆಯು ಇದನ್ನು ಊಹಿಸಿರಲಿಲ್ಲವೆಂದಲ್ಲ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುವಿಹಾರವಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯು ವಿಧಿಸಿತು. 1976ರ ತಿದ್ದುಪಡಿಯು ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. 2017ರಲ್ಲಿ ಹೆರಿಗೆಯ ರಜೆಯು 26 ವಾರಗಳಿಗೆ ಏರಿತು. ಆದರೆ ಕಾರ್ಖಾನೆಯ ಬಾಗಿಲಿನವರೆಗೆ ಜನತುಂಬಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಹೋಗುವ ಕಷ್ಟವನ್ನು ಯಾವ ಕಲಮೂ ಪರಿಹರಿಸಲಾರದು. ಮನೆಗೆಲಸಕ್ಕೂ ಕಟ್ಟಡದ ಕೂಲಿಗೂ ಹೋಗುವವರಿಗೆ ಕಾರ್ಖಾನೆಯ ಕಾಯಿದೆಯೇ ಅನ್ವಯಿಸಲಿಲ್ಲ.

ಇವರ ಮಕ್ಕಳ ಬಳಿಗೆ ತಲುಪಿದುದು ಅಂಗನವಾಡಿ. ಈ ಹೆಸರಿನ ಹಿಂದೆ ತಾರಾಬಾಯಿ ಮೋಡಕರ ಶ್ರಮವಿದೆ. 1945ರಲ್ಲಿ ಬೋರ್ಡಿಯಲ್ಲಿ ಬಾಲವಾಡಿಯನ್ನು ಆರಂಭಿಸಿದ ಆಕೆ, ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂದು ಆದಿವಾಸಿಗಳ ಹಾಡಿಗಳಿಗೆ ಹೋದರು. ಮಾಂಟೆಸ್ಸರಿಯ ಬೆಲೆಬಾಳುವ ಸಾಧನಗಳ ಬದಲು ಕಲ್ಲು, ಬೀಜ, ಎಲೆ, ಚಿಪ್ಪುಗಳನ್ನು ಬಳಸಿದರು. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಯೋಗಾರ್ಥವಾಗಿ ತೊಡಗಿದಾಗ ಕರ್ಣಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಒಬ್ಬ ಕಾರ್ಯಕರ್ತೆಯ ತಲೆಗೂ ಒಬ್ಬ ಸಹಾಯಕಿಯ ಕೈಗೂ ಹೊರಿಸಲಾಯಿತು. ಅನ್ನವು ಬೇಯಲೇಬೇಕು, ದಾಖಲೆಯ ಪುಸ್ತಕವು ತುಂಬಲೇಬೇಕು. ಆದುದರಿಂದ ಆಟಕ್ಕೆ ಉಳಿದ ಹೊತ್ತು ಅಲ್ಪವಾಯಿತು. ಇಷ್ಟನ್ನು ಹೊತ್ತವರಿಗೆ ಸಂಬಳವೆಂಬ ಹೆಸರಿಲ್ಲದೆ ಗೌರವಧನವೆಂಬ ಹೆಸರಿನಲ್ಲಿ ಹಣ ಬಂದಿತು. ಅವರಿಗೂ ಉಪದಾನವು ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟುದು 2022ರಲ್ಲಿ, ಎಂದರೆ ಯೋಜನೆಗೆ 47 ವರ್ಷ ತುಂಬುತ್ತಿದ್ದಾಗ.

ಅನ್ನದ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ಣಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆದರೆ ಅನ್ನವೊಂದರಿಂದಲೇ ಸಾಲದೆಂಬುದಕ್ಕೆ ಜಮೈಕಾ ದ್ವೀಪದ ಒಂದು ದೃಷ್ಟಾಂತವಿದೆ. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಬೆಳವಣಿಗೆ ಕುಂದಿದ 129 ಕೂಸುಗಳನ್ನು ಆರಿಸಿಕೊಂಡು, ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಮ್ಮೆ ಹೋಗಿ, ಬಿಸುಟ ಸಾಮಾನುಗಳಿಂದ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವ ರೀತಿಯನ್ನು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ತರುವಾಯ ವಿಚಾರಿಸಿದಾಗ ಹಾಗೆ ಆಡಿ ಬೆಳೆದವರ ಸಂಪಾದನೆಯು ಉಳಿದವರದಕ್ಕಿಂತ ನೂರಕ್ಕೆ 25ರಷ್ಟು ಹೆಚ್ಚಾಗಿದ್ದಿತೆಂದು 2014ರಲ್ಲಿ ಪ್ರಕಟವಾಯಿತು. ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಅಡುಗೆ ಮಾಡಿದ ನಮ್ಮ ಮಕ್ಕಳಿಗೆ ಆ ಆಟಿಕೆಗಳು ಅಪರಿಚಿತವೆನಿಸುತ್ತಿರಲಿಲ್ಲ.

2023ರಲ್ಲಿ ಕರ್ಣಾಟಕ ಸರ್ಕಾರವು ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸಾರಿತು. ಹೆಸರು ಎಷ್ಟು ಸೊಗಸಾಗಿದೆ! 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳು ‘ಸರ್ಕಾರಿ ಮಾಂಟೆಸ್ಸರಿ’ಗಳಾದುವು. ಕೂಲಿಕಾರರ ಮಕ್ಕಳಿಗಾಗಿ ರೋಮಿನಲ್ಲಿ ಹುಟ್ಟಿ, ಬೆಂಗಳೂರಿಗೆ ಬಂದು ಶ್ರೀಮಂತರ ಬಡಾವಣೆಗಳ ಸ್ವತ್ತಾಗಿದ್ದ ಪದ್ಧತಿಯು ಹೀಗೆ ಮತ್ತೆ ಕೂಲಿಕಾರರ ಮಕ್ಕಳ ಬಳಿಗೆ ಬಂದಂತಾಯಿತು. ಆದರೆ ಕೂಸಿನ ಮನೆಯು ಗ್ರಾಮ ಪಂಚಾಯಿತಿಗಳಿಗೆ ಸೇರಿದ್ದು. ನಗರವಾಗಿಹೋದ ಶೆಟ್ಟಿಹಳ್ಳಿಗೆ ಅದು ಸಲ್ಲುವುದಿಲ್ಲ. ಅಂಗನವಾಡಿಯು ಪೀಣ್ಯದ ಪಾಳಿ ಮುಗಿಯುವುದಕ್ಕೆ ಮುಂಚೆಯೇ ಬಾಗಿಲು ಹಾಕುವುದು. ಅಲ್ಲಿಂದ ತಾಯಿಯು ಬಸ್ಸಿಳಿದು ಬರುವವರೆಗಿನ ಹೊತ್ತನ್ನು ಅನೇಕ ಮನೆಗಳಲ್ಲಿ ಎಂಟೊಂಬತ್ತು ವರ್ಷದ ಅಕ್ಕನು ತುಂಬುತ್ತಿರುವಳು. ಸೊಂಟದ ಮೇಲೆ ತಮ್ಮನನ್ನು ಹೊತ್ತು, ಕೈಗೆ ಸಿಕ್ಕ ಡಬ್ಬಿಯನ್ನು ಬಡಿದು ಅವನನ್ನು ನಗಿಸುತ್ತ, ತನ್ನ ಶಾಲೆಯ ಬರೆಹವನ್ನು ನಾಳೆಗೆ ತಳ್ಳುತ್ತ ಅವಳು ಬಾಗಿಲಲ್ಲಿ ನಿಂತಿರುವಳು.