ಲೆಕ್ಕ ನೋಡದ ಅಪರಾಧ

ನ್ಯೂಯಾರ್ಕ್ ಕೌಂಟಿಯ ಕೋರ್ಟು ಕಟ್ಟಡಕ್ಕೆ 1858ರಲ್ಲಿ ಮಂಜೂರಾದದ್ದು ಎರಡೂವರೆ ಲಕ್ಷ ಡಾಲರ್. ಖರ್ಚು ಒಂದು ಕೋಟಿ ದಾಟಿತು. ಸುಳ್ಳು ಬಿಲ್ಲುಗಳ ಹಣ ನಗರದ ರಾಜಕೀಯ ಧಣಿ ವಿಲಿಯಂ ಟ್ವೀಡ್ ಮತ್ತವನ ಕೂಟದ ಜೇಬು ಸೇರಿತು. 1873ರಲ್ಲಿ, ಇನ್ನೂ ಮುಗಿಯದ ಅದೇ ಕಟ್ಟಡದಲ್ಲಿ ಅವನ ವಿಚಾರಣೆ ನಡೆದದ್ದನ್ನು ಎಲ್ಲರೂ ರಸವತ್ತಾಗಿ ಹೇಳುತ್ತಾರೆ. ನನ್ನ ಕುತೂಹಲ ಆರೋಪಪಟ್ಟಿಯದು. ಅಲ್ಲಿದ್ದ ಅಪರಾಧ ಕಳವಲ್ಲ. ಬಿಲ್ಲು ಪರಿಶೀಲಿಸಬೇಕಾದ ಮಂಡಳಿಯ ಸದಸ್ಯನಾಗಿದ್ದೂ ಪರಿಶೀಲಿಸಲಿಲ್ಲ ಎಂಬ ಕರ್ತವ್ಯಲೋಪ. ಅದಕ್ಕಿದ್ದ ಗರಿಷ್ಠ ಶಿಕ್ಷೆ ಒಂದು ವರ್ಷ!

ಮೊದಲ ಸಲ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ. ನವೆಂಬರಿನಲ್ಲಿ 204 ಆರೋಪಗಳು ಸಾಬೀತಾದವು. ನ್ಯಾಯಾಧೀಶ ನೋವಾ ಡೇವಿಸ್ ಹಲವು ಆರೋಪಗಳ ಶಿಕ್ಷೆ ಕೂಡಿಸಿ 12 ವರ್ಷ ವಿಧಿಸಿದ. ಒಂದೇ ಆರೋಪಪಟ್ಟಿಗೆ ಹೀಗೆ ಶಿಕ್ಷೆ ಕೂಡಿಸುವಂತಿಲ್ಲ ಎಂದು 1875ರಲ್ಲಿ ಮೇಲ್ಮನವಿ ನ್ಯಾಯಾಲಯ ಟ್ವೀಡನನ್ನು ಬಿಡುಗಡೆ ಮಾಡಿತು. ಜನಕ್ಕೆ ಸಿಟ್ಟು ಬಂದದ್ದು ಸಹಜ. ನನಗಂತೂ ತೀರ್ಪು ಸರಿಯೆನಿಸುತ್ತದೆ: ಕಳ್ಳನಿಗೆಂದು ಹಿಗ್ಗಿಸಿದ ಕಾನೂನು ನಾಳೆ ಬಡ ಗುಮಾಸ್ತನ ಕೊರಳಿಗೂ ಬೀಳುತ್ತದೆ. ಟ್ವೀಡನನ್ನು ಮತ್ತೆ ಹಿಡಿದದ್ದು 60 ಲಕ್ಷ ಡಾಲರ್ ವಸೂಲಿಯ ಸಿವಿಲ್ ದಾವೆ. ತಪ್ಪಿಸಿಕೊಂಡು ಸ್ಪೇನ್ ಮುಟ್ಟಿ, ಸಿಕ್ಕಿಬಿದ್ದು, 1878ರಲ್ಲಿ ಜೈಲಿನಲ್ಲೇ ಸತ್ತ.

ಅದೇ ಮಂಡಳಿಯಲ್ಲಿದ್ದ ಮೇಯರ್ ಓಕಿ ಹಾಲ್, ತನ್ನ ಸಹಿ ಬರೀ ಔಪಚಾರಿಕ ಎಂದು ವಾದಿಸಿ 1873ರ ಡಿಸೆಂಬರಿನಲ್ಲೇ ಖುಲಾಸೆಯಾಗಿದ್ದ.